ಮೊದಲ ಜೋಡಿ ಡ್ರಮ್ ಸ್ಟಿಕ್: ಶಿವಮೊಗ್ಗದ ಅಂಗಡಿಯಲ್ಲಿ ಆರಿಸುವ ಬಗೆ, ಮಳೆಗಾಲದಲ್ಲಿ ಉಳಿಸಿಕೊಳ್ಳುವ ಬಗೆ

ಡ್ರಮ್ಸ್ ಕಲಿಯಲು ಹೊರಟ ಹುಡುಗನ ಮನೆಯಲ್ಲಿ ಯಾವ ಸೆಟ್ ತರಬೇಕೆಂದು ತಿಂಗಳುಗಟ್ಟಲೆ ಮಾತು ನಡೆಯುತ್ತದೆ. ಸ್ಟಿಕ್ಕಿನ ಸರದಿ ಬಂದಾಗ ಮಾತ್ರ ಅಂಗಡಿಯವರು ಡಬ್ಬದಿಂದ ಎಳೆದು ಕೊಟ್ಟ ಜೋಡಿಗೇ ದುಡ್ಡು ಕೊಟ್ಟು ಬರುತ್ತಾರೆ. ಮೊದಲ ಆರು ತಿಂಗಳಲ್ಲಿ ಕಲಿಯುವವನ ದೊಡ್ಡ ಕೆಲಸ ಒಂದೇ: ಎಡಗೈ ಪೆಟ್ಟು ಬಲಗೈ ಪೆಟ್ಟಿನ ಹಾಗೇ ಕೇಳಬೇಕು. ಕೈಯಲ್ಲಿರುವ ಎರಡು ಕೋಲುಗಳ ತೂಕ ಬೇರೆ, ನಾದ ಬೇರೆ ಆಗಿದ್ದರೆ ತಪ್ಪು ಕೈಯದೋ ಮರದ್ದೋ ಎಂದು ಅವನಿಗೂ ಗೊತ್ತಾಗುವುದಿಲ್ಲ, ಕಲಿಸುವವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಇಲ್ಲಿ ಬ್ರ್ಯಾಂಡಿನ ಮಾತು ಸ್ವಲ್ಪ, ಜೋಡಿಯ ಮಾತು ಹೆಚ್ಚು.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದೊಡ್ಡವರಿಗೂ ಹೈಸ್ಕೂಲು ಮಕ್ಕಳಿಗೂ ಹಿಕರಿ ಎಂಬ ಅಮೆರಿಕದ ಮರದ 5ಎ ಅಳತೆ (ಅಂಕಿಯ ಅರ್ಥ ಮುಂದೆ ಇದೆ), ಮರದ್ದೇ ತುದಿ, ಬಣ್ಣ ಬಳಿಯದ್ದು. ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ 7ಎ. ಇದನ್ನು ಬಿಟ್ಟು ಬೇರೆ ಕೊಳ್ಳುವುದಕ್ಕೆ ಕಾರಣ ಬೇಕು. ಅಂಥ ಕಾರಣಗಳು ಕೆಲವು ಇವೆ, ಮುಂದೆ ಬರುತ್ತವೆ.

ಸ್ಟಿಕ್ಕಿನ ಮೇಲಿನ ಅಂಕಿ-ಅಕ್ಷರ ಹಳೆಯ ಅಮೆರಿಕದ ಪದ್ಧತಿ. ಎ ಎಂದರೆ ಆರ್ಕೆಸ್ಟ್ರಾಕ್ಕೆ, ಬಿ ಎಂದರೆ ಬ್ಯಾಂಡಿಗೆ, ಎಸ್ ಎಂದರೆ ಬೀದಿ ಮೆರವಣಿಗೆಗೆ. ಅಂಕಿ ದೊಡ್ಡದಾದಷ್ಟೂ ಕೋಲು ಸಣ್ಣ. 7ಎ ತೆಳು, 5ಎ ಮಧ್ಯಮ, 5ಬಿ ಅದಕ್ಕಿಂತ ದಪ್ಪ, 2ಬಿ ಇನ್ನೂ ದಪ್ಪ. ವಿಕ್ ಫರ್ತ್ ಕಂಪನಿಯ ಅಮೆರಿಕನ್ ಕ್ಲಾಸಿಕ್ ಸಾಲನ್ನು ಅಳತೆಗೆ ಇಟ್ಟುಕೊಂಡರೆ 7ಎ ಉದ್ದ 15.5 ಇಂಚು, ದಪ್ಪ 0.540 ಇಂಚು, 5ಎ ಉದ್ದ 16 ಇಂಚು, ದಪ್ಪ 0.565 ಇಂಚು, ಅಂದರೆ ಹದಿನಾಲ್ಕು ಮಿಲಿಮೀಟರಿಗಿಂತ ಕೂದಲಿನಷ್ಟು ಹೆಚ್ಚು. 5ಬಿ ಅಷ್ಟೇ ಉದ್ದ, ದಪ್ಪ 0.595, 2ಬಿ 16.25 ಇಂಚು ಉದ್ದ, 0.630 ದಪ್ಪ. ಕಾಗದದ ಮೇಲೆ 7ಎಗೂ 5ಎಗೂ ವ್ಯತ್ಯಾಸ ಅರ್ಧ ಮಿಲಿಮೀಟರಿನ ಸುತ್ತ. ಕೈಗೆ ಅದು ಪೆನ್ಸಿಲ್ಲಿಗೂ ಮಾರ್ಕರಿಗೂ ಇರುವಷ್ಟು ದೊಡ್ಡದಾಗಿ ಕಾಣುತ್ತದೆ.

ಈ ಅಂಕಿಗೆ ಐಎಸ್‌ಐ ಮುದ್ರೆಯಂಥ ಕಟ್ಟುಪಾಡು ಇಲ್ಲ. ಪ್ರೊಮಾರ್ಕ್‌ನ ಕ್ಲಾಸಿಕ್ 5ಎ 0.551 ಇಂಚು, ವೇಟರ್‌ನ ಲಾಸ್ ಏಂಜಲೀಸ್ 5ಎ 0.570 ಇಂಚು. ಮೂರರ ಮೇಲೂ 5ಎ ಎಂದೇ ಅಚ್ಚಾಗಿರುತ್ತದೆ. ಗೆಳೆಯನ 5ಎ ಹಿತವಾಗಿತ್ತು ಎಂದು ಇನ್ನೊಂದು ಕಂಪನಿಯ 5ಎ ತರಿಸಿಕೊಂಡವರಿಗೆ ಏನೋ ಸರಿಯಿಲ್ಲ ಅನಿಸುವುದು ಇದರಿಂದಲೇ. ಬೆರಳು ಚಿಕ್ಕದಿರುವವರಿಗೆ ಪ್ರೊಮಾರ್ಕ್ ಒಗ್ಗುತ್ತದೆ. ತೋಟದ ಕೆಲಸ ಮಾಡಿ ಅಂಗೈ ದಪ್ಪವಾದವರಿಗೆ ವೇಟರ್ ತುಂಬಿದಂತೆ ಕೂರುತ್ತದೆ. ವಿಕ್ ಫರ್ತ್ ನಡುವಿನದು. ಮೊದಲ ಜೋಡಿಗೆ ನಾವು ಅದನ್ನೇ ಹೇಳುತ್ತೇವೆ, ಇನ್ನೊಂದು ಕಾರಣವೂ ಇದೆ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟಿಂಪನಿ ಎಂಬ ನಗಾರಿ ನುಡಿಸುತ್ತಿದ್ದ ವಿಕ್ ಫರ್ತ್ ಪೇಟೆಯಲ್ಲಿ ಸಿಗುತ್ತಿದ್ದ ಕೋಲುಗಳು ಸಾಲದೆಂದು 1963ರಲ್ಲಿ ತಾವೇ ತಯಾರಿಕೆಗೆ ಇಳಿದರು. ತೂಕವೂ ನಾದವೂ ಹೊಂದುವ ಎರಡನ್ನು ಹುಡುಕಿ ಜೋಡಿ ಮಾಡಿ ಮಾರುವುದು ಆ ಕಂಪನಿಯ ಗುರುತೇ ಆಯಿತು. ಮೂರೂ ಒಳ್ಳೆಯ ಸರಕೇ. ಆದರೂ ಕಾರ್ಖಾನೆ ಹೊಂದಿಸಿದೆ ಎಂಬ ನಂಬಿಕೆಯಲ್ಲಿ ಪರೀಕ್ಷೆ ಬಿಡಬಾರದು. ಅಂಗಡಿಯ ಡಬ್ಬದಲ್ಲಿ ರಬ್ಬರ್ ಬ್ಯಾಂಡ್ ಕಿತ್ತುಹೋಗಿ ಜೋಡಿಗಳು ಒಂದಕ್ಕೊಂದು ಬೆರೆತಿರುವುದು ಉಂಟು. ಹೆಸರು ಮಾತ್ರ ಅಚ್ಚುಹಾಕಿದ ನಕಲಿ ಮಾಲೂ ಪೇಟೆಯಲ್ಲಿದೆ.

ಪರೀಕ್ಷೆಗೆ ಐದು ನಿಮಿಷ ಸಾಕು. "ಅಣ್ಣಾ, ಇದೇ ನಂಬರಿಂದು ಇನ್ನೂ ಮೂರ್ನಾಲ್ಕು ಜೋಡಿ ತೆಗೀರಿ" ಎಂದು ಕೇಳಲು ಸಂಕೋಚ ಬೇಡ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸುತ್ತೇವೆ, ಇಲ್ಲಿ ನಾಲ್ಕು ಜೋಡಿ ಬಿಚ್ಚಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲು ಉರುಳಿಸಿ. ಕೌಂಟರಿನ ಗಾಜು ಸಮತಟ್ಟಾಗಿರುವ ಜಾಗ ನೋಡಿ ಕೋಲನ್ನು ಅಡ್ಡ ಇಟ್ಟು ಅಂಗೈಯಿಂದ ಮೆಲ್ಲಗೆ ತಳ್ಳಿ. ತುದಿಯ ಕಡೆ ಸಣ್ಣಗಾಗುವುದರಿಂದ ತುದಿ ಗಾಜಿಗೆ ತಾಗದೆ ಒಂದಿಷ್ಟು ಮೇಲೆ ನಿಲ್ಲುತ್ತದೆ. ಕಣ್ಣನ್ನು ಗಾಜಿನ ಮಟ್ಟಕ್ಕೆ ಇಳಿಸಿ ಆ ಸಂದನ್ನೇ ನೋಡಿ. ಕೋಲು ನೆಟ್ಟಗಿದ್ದರೆ ಉರುಳುವಷ್ಟು ಹೊತ್ತೂ ಸಂದು ಒಂದೇ ಸಮ ಇರುತ್ತದೆ. ಡೊಂಕಿದ್ದರೆ ತುದಿ ಏರಿ ಇಳಿದು ಏರಿ ಇಳಿದು ಕುಂಟುತ್ತದೆ, ಜೊತೆಗೆ ಗಾಜಿನ ಮೇಲೆ ಟಕ್ ಟಕ್ ಎಂದು ಸದ್ದು ಬರುತ್ತದೆ. ಒಂದು ಸುತ್ತಿಗೆ ಒಂದು ಸಲ ಕುಂಟಿದರೂ ಆ ಕೋಲು ಬೇಡ. ಸೊಟ್ಟ ಕೋಲು ಪ್ರತಿ ಪೆಟ್ಟಿಗೂ ಬೆರಳಿನೊಳಗೆ ತಿರುಗಲು ನೋಡುತ್ತದೆ, ಅದನ್ನು ತಡೆಯಲು ಕಲಿಯುವವರು ಹಿಡಿ ಬಿಗಿ ಮಾಡುತ್ತಾರೆ, ಬಿಗಿ ಹಿಡಿ ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಬಹಳ ಕಷ್ಟ.

ಆಮೇಲೆ ನಾದ. ಬುಡದಿಂದ ಅಂದಾಜು ಮೂರನೇ ಒಂದು ಪಾಲಿನಷ್ಟು ಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಗುರವಾಗಿ ಹಿಡಿದು, ಕೌಂಟರಿನ ಮರದ ಅಂಚಿಗೆ ತುದಿಯಿಂದ ತಟ್ಟಿ. ಮೊದಲ ಕೋಲು, ಎರಡನೇ ಕೋಲು, ಮತ್ತೆ ಮೊದಲನೆಯದು. ತಟ್ಟುವ ಜಾಗ ಬದಲಾಗಬಾರದು, ಹಿಡಿಯುವ ಜಾಗವೂ ಬದಲಾಗಬಾರದು. ಒಂದು ಟಿಕ್ ಎಂದು ಮೇಲಿನ ಸ್ವರದಲ್ಲಿ, ಇನ್ನೊಂದು ಟೊಕ್ ಎಂದು ಕೆಳಗಿನ ಸ್ವರದಲ್ಲಿ ಬಂದರೆ ಆ ಎರಡು ಜೋಡಿಯಲ್ಲ. ನೆಹರೂ ರಸ್ತೆ, ಗಾಂಧಿ ಬಜಾರಿನ ಗದ್ದಲದಲ್ಲಿ ಕೇಳಿಸದಿದ್ದರೆ ಬುಡವನ್ನು ಕಿವಿಯ ಹತ್ತಿರ ತಂದು ಬೆರಳುಗಂಟಿನಿಂದ ತಟ್ಟಿ ನೋಡಿ. ಸ್ವರ ಹೊಂದದ ಕೋಲುಗಳ ವ್ಯತ್ಯಾಸ ರೈಡ್ ಸಿಂಬಲ್ (ಲಯ ಹಿಡಿಯಲು ಬಾರಿಸುವ ದೊಡ್ಡ ಲೋಹದ ತಟ್ಟೆ) ಮೇಲೆ ಎದ್ದು ಕೇಳುತ್ತದೆ, ಅಭ್ಯಾಸಕ್ಕೆಂದು ಇರುವ ಪ್ರಾಕ್ಟೀಸ್ ಪ್ಯಾಡಿನ ಮೇಲೂ ಕೇಳುತ್ತದೆ.

ತೂಕಕ್ಕೆ ಎರಡೂ ಕೈಯಲ್ಲಿ ಒಂದೊಂದು ಹಿಡಿದು ಅಂದಾಜು ಮಾಡಿ, ಕೈ ಬದಲಿಸಿ ಮತ್ತೊಮ್ಮೆ ನೋಡಿ. ಬದಲಿಸಿದ ಮೇಲೂ ಅದೇ ಕೋಲು ಭಾರ ಎನಿಸಿದರೆ ಅದು ನಿಜಕ್ಕೂ ಭಾರ. ಮನೆಯಲ್ಲಿ ಅಡುಗೆಗೆ ಬಳಸುವ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಜೇಬಿಗೆ ಹಾಕಿಕೊಂಡು ಹೋಗಿ. ಹಿಕರಿ 5ಎ ಒಂದು ಕೋಲು 50 ಗ್ರಾಂ ಆಚೀಚೆ ತೂಗುತ್ತದೆ. ಜೋಡಿಯ ನಡುವೆ ಒಂದು ಗ್ರಾಂ ವ್ಯತ್ಯಾಸ ಇರಲಿ, ಮೂರು ಗ್ರಾಂ ದಾಟಿದರೆ ಬೇರೆ ಜೋಡಿ ಕೇಳಿ.

ಕೊನೆಗೆ ಮರದ ಎಳೆ. ಬೆಳಕಿಗೆ ಹಿಡಿದರೆ ಕೋಲಿನ ಉದ್ದಕ್ಕೂ ಸಣ್ಣ ಗೆರೆಗಳು ಕಾಣುತ್ತವೆ. ಅವು ಬುಡದಿಂದ ತುದಿಯವರೆಗೆ ಕೋಲಿನ ಜೊತೆಗೇ ಓಡಬೇಕು. ನಡುವೆ ಓರೆಯಾಗಿ ಪಕ್ಕಕ್ಕೆ ಹೊರಟುಹೋದರೆ, ಅದರಲ್ಲೂ ತುದಿಗೆ ಸಣ್ಣಗಾಗುವ ಭುಜದ ಹತ್ತಿರ ಹಾಗಾದರೆ, ಆ ಕೋಲು ಮುರಿಯುವುದೂ ಅಲ್ಲೇ, ಓರೆಯಾಗಿಯೇ. ಸೌದೆ ಸೀಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, ಎಳೆ ಹೋದ ದಾರಿಯಲ್ಲೇ ಸೀಳು ಹೋಗುತ್ತದೆ. ಬಣ್ಣದ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಹಿಕರಿಯ ಹೊರಮರ ಬಿಳುಪು, ಒಳಮರ ಕಂದು. ಒಂದು ಬಿಳಿ ಒಂದು ಕಂದು ಬಂದರೂ ತೂಕ, ನಾದ ಹೊಂದಿದರೆ ಅದು ಒಳ್ಳೆಯ ಜೋಡಿಯೇ.

ಆನ್‌ಲೈನಿನಲ್ಲಿ ತರಿಸುವವರು ಪಾರ್ಸೆಲ್ ಬಿಚ್ಚಿದ ದಿನವೇ ಈ ನಾಲ್ಕನ್ನೂ ಮಾಡಬೇಕು. ಒಂದು ಸಲ ಡ್ರಮ್ಮಿನ ಅಂಚಿನ ಬಳೆಗೆ, ಅಂದರೆ ರಿಮ್ಮಿಗೆ, ತಾಗಿ ಗುರುತು ಬಿದ್ದರೆ ವಾಪಸ್ ಕಳಿಸಲಾಗುವುದಿಲ್ಲ.

ಇನ್ನು ಮರದ ಮಾತು. ಹಿಕರಿ ಉತ್ತರ ಅಮೆರಿಕದ ಮರ; ಗಟ್ಟಿಯೂ ಹೌದು, ಪೆಟ್ಟಿನ ಅದುರನ್ನು ತಾನೇ ನುಂಗಿಕೊಂಡು ಮಣಿಕಟ್ಟಿಗೆ ಕಡಿಮೆ ಕಳಿಸುವ ಗುಣವೂ ಉಂಟು. ಮೇಪಲ್ ಅದಕ್ಕಿಂತ ಹಗುರ. ಅದರ ಲಾಭ ಏನೆಂದರೆ ದಪ್ಪ ಕೋಲನ್ನೂ ಭಾರವಿಲ್ಲದೆ ಹಿಡಿಯಬಹುದು. ವಿಕ್ ಫರ್ತ್ ಎಸ್‌ಡಿ1 ಜನರಲ್ ಎಂಬುದು 0.635 ಇಂಚು ದಪ್ಪದ ಮೇಪಲ್ ಕೋಲು. ಪ್ಯಾಡಿನ ಮೇಲೆ ಸ್ನೇರ್ (ಸೆಟ್ಟಿನ ಮುಖ್ಯ ಡ್ರಮ್) ಪಾಠ ಮಾಡುವವರಿಗೆ ಅದು ಬಹಳ ಒಳ್ಳೆಯದು, ತುದಿ ದುಂಡಗಿರುವುದರಿಂದ ಯಾವ ಕೋನದಲ್ಲಿ ಬಿದ್ದರೂ ಒಂದೇ ಸದ್ದು. ಸೆಟ್ಟಿನ ಮೇಲೆ ಸಿಂಬಲ್ಲಿನ ಅಂಚಿಗೆ ಹೊಡೆದರೆ ಮೇಪಲ್ ಬೇಗ ತಿಂದುಹೋಗುತ್ತದೆ. ಪ್ರೊಮಾರ್ಕ್‌ನವರ ಶಿರಾ ಕಾಶಿ ಎಂಬ ಜಪಾನಿ ಓಕ್ ಇದಕ್ಕೆ ತದ್ವಿರುದ್ಧ, ಹಿಕರಿಗಿಂತ ಭಾರ, ಬಾಳಿಕೆ ಜಾಸ್ತಿ, ಆದರೆ ಅದುರು ಕೈಗೆ ಜಾಸ್ತಿ ಬರುತ್ತದೆ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಮೂರು ಗಂಟೆ ಜೋರಾಗಿ ಬಾರಿಸುವವರಿಗೆ ಅದು ಸರಿ. ಕಲಿಯುವವರ ಮಣಿಕಟ್ಟಿಗೆ ಬೇಡ.

ಓಕ್ ಎಂದ ಕೂಡಲೇ ಮಲೆನಾಡಿನವರಿಗೆ ಕಾಫಿ ತೋಟದ ಸಿಲ್ವರ್ ಓಕ್ ನೆನಪಾಗುತ್ತದೆ. ನೆರಳಿಗೆಂದು, ಮೆಣಸಿನ ಬಳ್ಳಿ ಹಬ್ಬಿಸಲೆಂದು ಬೆಳೆಸುವ ಆ ಮರ ಆಸ್ಟ್ರೇಲಿಯಾ ಮೂಲದ್ದು, ಓಕ್ ಜಾತಿಗೆ ಸೇರಿದ್ದಲ್ಲ. ಅದರಲ್ಲಿ ಕಡೆಸಿದ ಕೋಲಿಗೆ ರಿಮ್ಮಿನ ಪೆಟ್ಟು ತಡೆಯುವ ಗಟ್ಟಿತನ ಇಲ್ಲ. ಬಡಗಿಯ ಹತ್ತಿರ ಲೇತಿನಲ್ಲಿ ಕಡೆಸಿಕೊಳ್ಳೋಣ ಎಂಬ ಯೋಚನೆ ನಮ್ಮ ಕಡೆ ಸಹಜವಾಗಿಯೇ ಬರುತ್ತದೆ, ಮರಕ್ಕೆ ಬರವಿಲ್ಲದ ಊರು. ತೇಗ ಪೀಠೋಪಕರಣಕ್ಕೆ ಚಿನ್ನದಂಥ ಮರ, ಸ್ಟಿಕ್ಕಿಗೆ ಮಾತ್ರ ಹೊಂದುವುದಿಲ್ಲ. ಪೆಟ್ಟಿಗೆ ಬಾಗುವ ಬದಲು ಎಳೆಯ ಉದ್ದಕ್ಕೂ ಸೀಳುತ್ತದೆ. ಅಡಿಕೆ ದಬ್ಬೆಯದ್ದನ್ನಂತೂ ಮುಟ್ಟಲೇಬಾರದು. ಅದರ ನಾರು ಸೂಜಿಯಂತೆ ಎದ್ದು ಅಂಗೈಗೆ ಸಿಬಿರು ಹೊಕ್ಕುತ್ತದೆ, ಡ್ರಮ್ಮಿನ ಹೆಡ್ಡೂ (ಬಾರಿಸುವ ಹೊದಿಕೆ) ತೂತಾಗುತ್ತದೆ.

ಹೆಸರಿಲ್ಲದ ಅಗ್ಗದ ಜೋಡಿಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಮನೆಗೆ ಮೊದಲು ಬರುವುದು ಅವೇ. ಅಗ್ಗ ಎಂಬುದೇ ತಪ್ಪಲ್ಲ. ಮೇಲಿನ ನಾಲ್ಕು ಪರೀಕ್ಷೆಯಲ್ಲಿ ಪಾಸಾದರೆ ಇನ್ನೂರು ರೂಪಾಯಿಯ ಜೋಡಿಯಲ್ಲೂ ಎರಡು ತಿಂಗಳು ಪ್ಯಾಡಿನ ಮೇಲೆ ಕಲಿಯಬಹುದು. ತೊಂದರೆ ಏನೆಂದರೆ ಅವುಗಳಲ್ಲಿ ಪಾಸಾಗುವುದು ಕಡಿಮೆ, ದಪ್ಪ ವಾರ್ನಿಷ್ ಬಳಿದು ಎಳೆ ಕಾಣದಂತೆ ಮಾಡಿರುತ್ತಾರೆ, ಬೆವರಿದ ಕೈಯಲ್ಲಿ ಸೋಪಿನಂತೆ ಜಾರುತ್ತವೆ. ಜಾರುವ ವಾರ್ನಿಷ್ಷಿಗೆ ಮನೆಮದ್ದು ಇದೆ: ಹಿಡಿಯುವ ಜಾಗದಲ್ಲಿ ಮಾತ್ರ, ಒಂದು ಗೇಣಿನಷ್ಟು, 220 ನಂಬರಿನ ಮರಳು ಕಾಗದದಿಂದ ಎಳೆಯ ಉದ್ದಕ್ಕೆ ನಾಲ್ಕೈದು ಸಲ ಉಜ್ಜಿ. ಅಡ್ಡಡ್ಡ ಉಜ್ಜಿದರೆ ನಾರು ಏಳುತ್ತದೆ. ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಗ್ರಿಪ್ ಸುತ್ತುವುದು ಬೇಡ. ಬುಡ ದಪ್ಪವೂ ಭಾರವೂ ಆಗಿ ತೂಕ ಹಿಂದಕ್ಕೆ ಸರಿಯುತ್ತದೆ, ಪುಟಿತ ಸತ್ತುಹೋಗುತ್ತದೆ.

ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದ ಮಕ್ಕಳು ಅದೇ ದಪ್ಪ ಕೋಲನ್ನು ಡ್ರಮ್ ಸೆಟ್ಟಿಗೂ ತರುತ್ತಾರೆ. ಅದು ಆಗಸ್ಟ್ 15ರ ಪೆರೇಡಿನಲ್ಲಿ ಮೈದಾನದ ಆ ತುದಿಗೆ ಕೇಳಿಸಲೆಂದು ಮಾಡಿದ್ದು. ಮನೆಯ ಕೋಣೆಯಲ್ಲಿ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಮೇಲೆ ಅದನ್ನು ಬಳಸಿದರೆ ಸಿಂಬಲ್ ಬಿರುಕು ಬಿಡಬಹುದು. ಭಾರದ ಕೋಲಿನಲ್ಲಿ ಅಭ್ಯಾಸ ಮಾಡಿದರೆ ಕೈ ಗಟ್ಟಿಯಾಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಹಿಡಿ ಕುದುರಿದವರಿಗೆ ಅದು ಒಂದಿಷ್ಟು ನಿಜ. ಹೊಸಬರಿಗೆ ಮೊಣಕೈ ನೋವು ಬರಿಸುತ್ತದೆ, ಅಷ್ಟೆ.

ನಮ್ಮ ಸೀಮೆಯ ಕೈಗಳ ಬಗ್ಗೆ ಒಂದು ಮಾತು ಬೇರೆ ಊರಿನವರ ಸಲಹೆಗಳಲ್ಲಿ ಸಿಗುವುದಿಲ್ಲ. ಡೊಳ್ಳು ಬಾರಿಸಿ ಬಂದವರಿಗೆ ಒಂದು ಕೈಗೆ ಕೋಲು, ಇನ್ನೊಂದಕ್ಕೆ ಬರಿ ಅಂಗೈ ರೂಢಿ. ಅವರ ತೋಳಿನ ಬಲ, ಲಯದ ಹಿಡಿತ ದೊಡ್ಡ ಆಸ್ತಿ. ಆದರೆ ಕೋಲು ಹಿಡಿಯದ ಕೈ ಇಲ್ಲಿ ಶುರುವಿನಿಂದ ಕಲಿಯಬೇಕು, ಕೋಲು ಹಿಡಿದ ಕೈ ಮುಷ್ಟಿ ಸಡಿಲಿಸಲು ಕಲಿಯಬೇಕು. ಅಂಥವರು ತಮ್ಮ ಬಲಕ್ಕೆ ತಕ್ಕದ್ದೆಂದು 2ಬಿ ಕೇಳುತ್ತಾರೆ. ಕೊಡಬೇಡಿ. 5ಎಯಲ್ಲೇ ಇದ್ದು, ಕೋಲು ತಾನಾಗಿ ಪುಟಿದು ಬರುವುದನ್ನು ಬೆರಳಿಗೆ ತೋರಿಸಬೇಕು. ಸಾಗರ, ಹೊಸನಗರದ ಕಡೆ ಯಕ್ಷಗಾನದ ಚಂಡೆ ಬಾರಿಸಿದವರದ್ದು ಇದಕ್ಕೆ ತಿರುಗುಮುರುಗು. ತೆಳು ಕೋಲಿಗೆ ಪಳಗಿದ ಮಣಿಕಟ್ಟು ಚುರುಕಾಗಿರುತ್ತದೆ, 5ಎ ಮೊದಲಿಗೆ ಒನಕೆಯಂತೆ ಅನಿಸುತ್ತದೆ. ಅವರು 7ಎಯಿಂದ ಶುರು ಮಾಡಲಿ. ವೇಟರ್‌ನ ಮ್ಯಾನ್‌ಹ್ಯಾಟನ್ 7ಎ ದಪ್ಪ ಕಡಿಮೆ ಇದ್ದರೂ ಉದ್ದ 16 ಇಂಚೇ ಇದೆ, ದೂರದ ಕ್ರ್ಯಾಶ್ ಸಿಂಬಲ್ ಎಟುಕುತ್ತದೆ. ದೊಡ್ಡವರ ಕೈಗೆ ನಮ್ಮ ಪ್ರಕಾರ ಅದು ಬೇರೆ 7ಎಗಳಿಗಿಂತ ಮೇಲು.

ತುದಿಯ ವಿಷಯ ಚಿಕ್ಕದು. ಮರದ ತುದಿ ಸಿಂಬಲ್ ಮೇಲೆ ತುಸು ಮೆದು, ನೈಲಾನ್ ತುದಿ ತುಸು ಚುರುಕು, ಗಂಟೆಯಂಥ ಸದ್ದು. ನೈಲಾನ್ ಬೇಗ ಸವೆಯುವುದಿಲ್ಲ, ಆದರೆ ಅಂಟು ಬಿಟ್ಟು ಹಾರಿಹೋಗಬಹುದು. ಹಾರಿದ ಮೇಲೆ ಉಳಿದ ಚೂಪು ಮೂತಿ ಹೆಡ್ಡನ್ನು ತೂತು ಮಾಡುತ್ತದೆ. ಎಲೆಕ್ಟ್ರಾನಿಕ್ ಸೆಟ್ಟಿನ ಬಲೆಯಂಥ ಮೆಶ್ ಹೆಡ್ಡಿಗೆ ನೈಲಾನೇ ಸರಿ, ಚಕ್ಕೆ ಎದ್ದ ಮರದ ತುದಿ ಆ ಬಲೆಯ ನೂಲನ್ನು ಕತ್ತರಿಸುತ್ತದೆ. ಮರದ ಸ್ಟಿಕ್ಕೇ ಬಳಸುವುದಾದರೆ ಮೆಶ್ಶಿಗೆಂದು ಹೊಸ ಜೋಡಿ ಬೇರೆ ಇಟ್ಟುಕೊಳ್ಳಿ, ಸಿಂಬಲ್ ಹೊಡೆದದ್ದನ್ನು ಅದಕ್ಕೆ ತರಬೇಡಿ.

ಮಳೆಗಾಲವೇ ನಮ್ಮ ಕಡೆಯ ನಿಜವಾದ ಪರೀಕ್ಷೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋದರೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಜಾಗ. ಆರಿದ್ರಾದಿಂದ ಆಶ್ಲೇಷದವರೆಗೆ ಗೋಡೆಯೇ ಬೆವರುವಾಗ ಮರದ ಕೋಲು ಸುಮ್ಮನಿರುವುದಿಲ್ಲ. ಗಾಳಿಯ ತೇವ ಹೀರಿ ಒಂದೆರಡು ಗ್ರಾಂ ಏರುತ್ತದೆ, ತುದಿ ಮೆತ್ತಗಾಗಿ ಬೇಗ ಚಪ್ಪಟೆಯಾಗುತ್ತದೆ, ವಾರ್ನಿಷ್ ಸವೆದ ಜಾಗದಲ್ಲಿ ಬಿಳಿ ಬೂಷ್ಟು ಕೂರುತ್ತದೆ. ಗೋಡೆಗೆ ಒರಗಿಸಿಟ್ಟರೆ ಬಾಗಬಹುದು, ಸ್ನೇರಿನ ಮೇಲೆ ಬಿಟ್ಟುಬಂದರೆ ಅಲ್ಲೂ ತೇವ ತಿನ್ನುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಇನ್ನೂ ಕೆಡುತ್ತದೆ. ಬಾರಿಸಿದ ಮೇಲೆ ಬೆವರು ಒಣಬಟ್ಟೆಯಲ್ಲಿ ಒರೆಸಿ, ಹಳೆಯ ಹತ್ತಿ ಬಟ್ಟೆಯ ಚೀಲಕ್ಕೆ ಹಾಕಿ, ಕಪಾಟಿನ ಮೇಲಿನ ಹಲಗೆಯಲ್ಲಿ ಉದ್ದುದ್ದ ಮಲಗಿಸಿ. ಬಟ್ಟೆ ಕಪಾಟಿನಲ್ಲಿ ಒಂದು ಸಣ್ಣ ಬಲ್ಬು ಉರಿಸುವ ಪದ್ಧತಿ ಇರುವ ಮನೆಗಳಲ್ಲಿ ಅದೇ ಕಪಾಟು ಸ್ಟಿಕ್ಕಿಗೂ ಸಾಕು, ಬಲ್ಬಿನಿಂದ ಎರಡು ಗೇಣು ದೂರ ಇರಲಿ.

ತೇವ ಹೋಗಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ಮಾತ್ರ ಬೇಡ. ಅಟ್ಟದ ಕಾವು ಒಂದು ಮಗ್ಗುಲನ್ನು ಮೊದಲು ಒಣಗಿಸುತ್ತದೆ, ಕೋಲು ಆ ಕಡೆಗೆ ಬಾಗುತ್ತದೆ. ಪೂರಾ ಒಣಗಿದ ಮೇಲೆ ಗರಿಗರಿಯಾಗಿ ಮೊದಲ ರಿಮ್ ಶಾಟಿಗೇ ಮುರಿಯುತ್ತದೆ. ಬಿಸಿಲಿಗೆ ಹಾಕುವುದೂ ಹಾಗೇ. ಇದೇ ಕಾರಣಕ್ಕೆ ಮಳೆಗಾಲದ ನಡುವೆ ಹೊಸ ಜೋಡಿ ತಂದರೆ ನಾಲ್ಕು ದಿನ ಮನೆಯ ಗಾಳಿಗೆ ಮಲಗಿಸಿಟ್ಟು, ಮತ್ತೆ ಗಾಜಿನ ಮೇಲೆ ಉರುಳಿಸಿ ನೋಡಿ, ಆಮೇಲೆ ಬಾರಿಸಿ.

ಒಳ್ಳೆಯ ಜೋಡಿಯೂ ಬೇಗ ಮುರಿಯುತ್ತಿದ್ದರೆ ಗಾಯದ ಗುರುತು ಎಲ್ಲಿದೆ ನೋಡಿ. ಭುಜದ ಹತ್ತಿರ ಗರಗಸದಿಂದ ಕೆರೆದಂತೆ ತಿಂದಿದ್ದರೆ ಹೈ-ಹ್ಯಾಟ್ ಅಥವಾ ಕ್ರ್ಯಾಶಿನ ಅಂಚಿಗೆ ಕೋಲನ್ನು ನೇರವಾಗಿ ಕೊಡಲಿಯಂತೆ ಬೀಸುತ್ತಿದ್ದೀರಿ. ಕ್ರ್ಯಾಶನ್ನು ನಿಮ್ಮ ಕಡೆಗೆ ತುಸು ವಾಲಿಸಿ, ಮೇಲಿನ ರೆಕ್ಕೆ ಸ್ಕ್ರೂ ಸಡಿಲಿಸಿ ಸಿಂಬಲ್ ತೂಗಾಡಲು ಬಿಡಿ, ಪೆಟ್ಟು ಪಕ್ಕಕ್ಕೆ ಜಾರಿಹೋಗಲಿ. ಕೋಲಿನ ಮಧ್ಯದಲ್ಲಿ ಒಂದೇ ಕಡೆ ಗುಳಿ ಬಿದ್ದಿದ್ದರೆ ಸ್ನೇರಿನ ರಿಮ್ ತಾಗುತ್ತಿದೆ, ಸ್ನೇರ್ ಎತ್ತರ ಒಂದು ಬೆರಳು ಇಳಿಸಿ. ತುದಿ ಮಾತ್ರ ಚಕ್ಕೆ ಏಳುತ್ತಿದ್ದರೆ ರೈಡ್ ಸಿಂಬಲ್ಲಿನ ನಡುವೆ ಉಬ್ಬಿರುವ ಗುಬ್ಬಿಗೆ ತುದಿಯಿಂದ ಹೊಡೆಯುತ್ತಿದ್ದೀರಿ, ಅಲ್ಲಿಗೆ ಭುಜ ಬಳಸಬೇಕು.

ಭುಜದಲ್ಲಿ ಸಿಬಿರು ಏಳುವುದು ಸಹಜ ಸವೆತ, ಅದಕ್ಕೆ ಎಸೆಯಬೇಕಿಲ್ಲ. ಬಿರುಕು ಕಂಡರೆ, ಅಥವಾ ತಟ್ಟಿದಾಗ ಟಿಕ್ ಎನ್ನುತ್ತಿದ್ದದ್ದು ಒಡಕು ಮಡಕೆಯಂತೆ ಬುಸ್ ಎಂದರೆ, ಆ ದಿನವೇ ನಿಲ್ಲಿಸಿ. ಮುರಿದ ತುದಿ ಕಣ್ಣಿಗೆ ಹಾರುತ್ತದೆ. ಒಂದು ಮುರಿದರೆ ಉಳಿದ ಒಂದನ್ನು ಹೊಸ ಕೋಲಿನ ಜೊತೆ ಸೇರಿಸಬೇಡಿ. ಸವೆದ ಕೋಲು ಹಗುರ, ಹೊಸದು ಭಾರ. ಒಂಟಿ ಕೋಲುಗಳನ್ನು ಒಂದು ಡಬ್ಬಕ್ಕೆ ಹಾಕುತ್ತಾ ಬನ್ನಿ. ಎಂಟ್ಹತ್ತು ಸೇರಿದ ಮೇಲೆ ತಕ್ಕಡಿಗೆ ಹಾಕಿ, ತಟ್ಟಿ ಕೇಳಿ ನೋಡಿದರೆ ಅದರಲ್ಲೇ ಒಂದೆರಡು ಜೋಡಿ ಹೊಂದಿ ಬರುತ್ತವೆ, ಪ್ಯಾಡಿನ ಅಭ್ಯಾಸಕ್ಕೆ ಆಗುತ್ತವೆ.